ಕೋಟೆಯಲ್ಲಿ ನೀರೆಲ್ಲಿತ್ತು?

ಅಮ್ಮ ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ, ಕೋಟೆಯ ಬುಡದ ಬೀದಿಯೊಂದರಲ್ಲಿ. ಯಾವ ಕೋಟೆಗೆ ಕರೆದುಕೊಂಡು ಹೋದರೂ ಅವಳು ಮೊದಲು ಕೇಳುವುದು ಒಂದೇ ಮಾತು. "ಇಲ್ಲಿ ನೀರೆಲ್ಲಿತ್ತಂತೆ?" ರಾಜ ಯಾರು, ಯಾರ ಮೇಲೆ ಯಾರು ದಂಡೆತ್ತಿ ಬಂದರು, ಅದೆಲ್ಲ ಆಮೇಲೆ. ದುರ್ಗದಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಇನ್ನೂ ಕೆಳಗಿಳಿದು ಕೊನೆಗೆ ಊರೊಳಗಿನ ಸಂತೆ ಹೊಂಡ ಸೇರುತ್ತದೆ. ಮಳೆಗಾಲದಲ್ಲಿ ಆ ನೀರಿನ ಹಿಂದೆ ಓಡಿದ ಹುಡುಗಿ ಅವಳು. ಕೋಟೆ ಅಂದರೆ ಅವಳಿಗೆ ಮೊದಲು ನೆನಪಾಗುವುದೇ ನೀರು.

ಕಳೆದ ಜೂನ್‌ನಲ್ಲಿ ಅಮ್ಮ ಈ ಪ್ರಶ್ನೆಯನ್ನು ಆಲ್ಪ್ಸ್ ಬೆಟ್ಟಗಳ ತುಂಬ ಕೇಳಿಕೊಂಡು ಬಂದಳು. ಬೆಂಗಳೂರಿನಿಂದ ಹೊರಟ ಗುಂಪಿನಲ್ಲಿ ನಾವು 34 ಜನ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸೇರಿ 11 ದಿನ. ಕೋಟೆಗಳು, ಹಳೆಯ ಊರುಗಳು, ಮಧ್ಯೆ ಘಾಟಿ ರಸ್ತೆಗಳು. ಹೆಚ್ಚಿನವರು ನಿವೃತ್ತರು. ಅಮ್ಮನಿಗೆ 73. ಮಂಡಿ ನೋವು ಶುರುವಾದ ಮೇಲೆ ಅವಳು ತನ್ನ ಊರಿನ ಕೋಟೆಯನ್ನೇ ಹತ್ತಿಲ್ಲ. 12 ವರ್ಷವಾಯಿತು. ಅವಳನ್ನು ಕರೆದುಕೊಂಡು ಹೋಗುವುದು ಸರಿಯಾ ಅಂತ ನಾನು ತಿಂಗಳುಗಟ್ಟಲೆ ಯೋಚಿಸಿದೆ. "ನಾನು ಕೆಳಗೆ ಕೂತ್ಕೋತೀನಿ, ನೀನು ಹತ್ತಿ ಬಂದು ಹೇಳು" ಅಂದಳು. ಅಷ್ಟು ಸಾಕಾಯಿತು.

ಮ್ಯೂನಿಕ್‌ನಲ್ಲಿ ಇಳಿದು ಬಸ್ ಹತ್ತಿದಾಗ ನಮ್ಮ ಪಕ್ಕದ ಸೀಟಿನಲ್ಲಿ ಒಬ್ಬರು ಹಿರಿಯರು ಕೂತರು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬಹಳ ವರ್ಷ ನಿಪ್ಪಾಣಿ ಕಡೆಯ ಗಡಿ ಚೆಕ್‌ಪೋಸ್ಟ್‌ನಲ್ಲಿ ಕೆಲಸ ಮಾಡಿದ್ದರಂತೆ. 2017ರಲ್ಲಿ ಜಿಎಸ್‌ಟಿ ಬಂತು, ಆ ಚೆಕ್‌ಪೋಸ್ಟ್‌ಗಳು ಮುಚ್ಚಿದವು. ಎರಡನೇ ದಿನಕ್ಕೇ ಗುಂಪಿನವರೆಲ್ಲ ಅವರನ್ನು ನಿಪ್ಪಾಣಿ ಸರ್ ಅಂತ ಕರೆಯತೊಡಗಿದರು. ಅವರಿಗೂ ಆ ಹೆಸರು ಇಷ್ಟವಾಯಿತು. "ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲಮ್ಮ, ಅದನ್ನ ನಾನು ಸರ್ವಿಸ್ ಪೂರ್ತಿ ಕೇಳಿಸ್ಕೊಂಡಿದೀನಿ. ಆದರೆ ರಾತ್ರಿ ಎರಡು ಗಂಟೆಗೆ ಲಾರಿ ಡ್ರೈವರ್‌ಗಳು ನನ್ನ ಹತ್ತಿರ ತುಂಬಾ ಸುಖ ದುಃಖ ಹೇಳ್ಕೊಂಡಿದಾರೆ" ಅಂದರು ಅಮ್ಮನಿಗೆ. ಅಂದಿನಿಂದ ಅವರಿಬ್ಬರ ಮಾತು ನಿಲ್ಲಲಿಲ್ಲ.

ನಾನು ಹೊರಡುವ ಮುಂಚೆ ಒಂದಷ್ಟು ಓದಿಕೊಂಡಿದ್ದೆ. ಇಸವಿಗಳು, ರಾಜರ ಹೆಸರುಗಳು ಎಲ್ಲ ನೋಟ್‌ಬುಕ್‌ನಲ್ಲಿದ್ದವು. ಆದರೆ ಈ ಪ್ರವಾಸದಲ್ಲಿ ಕೋಟೆಗಳು ನನಗೆ ಅರ್ಥವಾದದ್ದು ಅಮ್ಮನ ನೀರಿನ ಪ್ರಶ್ನೆಯಿಂದ ಮತ್ತು ನಿಪ್ಪಾಣಿ ಸರ್ ಕೇಳುತ್ತಿದ್ದ ಇನ್ನೊಂದು ಪ್ರಶ್ನೆಯಿಂದ. "ಈ ಕೋಟೆ ಯಾವ ದಾರಿ ಕಾಯ್ತಿತ್ತು? ಯಾವ ಸಾಮಾನು ಹೋಗ್ತಿತ್ತು?"

ಮೊದಲ ಊರು ಆಸ್ಟ್ರಿಯಾದ ಸಾಲ್ಜ್‌ಬರ್ಗ್. ಹೆಸರಿನಲ್ಲೇ ಉಪ್ಪಿದೆ. ಜರ್ಮನ್ ಭಾಷೆಯಲ್ಲಿ ಸಾಲ್ಜ್ ಅಂದರೆ ಉಪ್ಪು, ಬುರ್ಗ್ ಅಂದರೆ ಕೋಟೆ. ಊರ ಮಧ್ಯೆ ಹರಿಯುವ ನದಿ ಸಾಲ್ಜಾಖ್. ಆ ಹೆಸರಿನಲ್ಲೂ ಉಪ್ಪು. ಸ್ವಲ್ಪ ದೂರದ ಹಲ್ಲೈನ್ ಊರಿನ ಪಕ್ಕದ ಬೆಟ್ಟದೊಳಗೆ ಉಪ್ಪಿದೆ. ಬೆಟ್ಟದ ಹೊಟ್ಟೆಗೆ ನೀರು ಬಿಟ್ಟು, ಉಪ್ಪು ಕರಗಿಸಿ, ಆ ನೀರನ್ನು ಹೊರತಂದು ದೊಡ್ಡ ಬಾಣಲೆಗಳಲ್ಲಿ ಕಾಯಿಸಿ ಉಪ್ಪು ಮಾಡುತ್ತಿದ್ದರು. ಬೆಂಕಿಗೆ ಬೇಕಾದ ಸೌದೆ ನದಿಯಲ್ಲಿ ತೇಲಿ ಬರುತ್ತಿತ್ತು. ತಯಾರಾದ ಉಪ್ಪು ಅದೇ ನದಿಯಲ್ಲಿ ದೋಣಿ ಹತ್ತಿ ಹೋಗುತ್ತಿತ್ತು. ಈ ಊರನ್ನು ಆಳುತ್ತಿದ್ದವರು ರಾಜರಲ್ಲ, ಆರ್ಚ್‌ಬಿಷಪ್‌ಗಳು. ಧರ್ಮವೂ ಅವರದೇ, ದೊರೆತನವೂ ಅವರದೇ, ಉಪ್ಪಿನ ಹಣವೂ ಅವರಿಗೇ.

ಗುಡ್ಡದ ಮೇಲಿನ ಹೋಹೆನ್‌ಸಾಲ್ಜ್‌ಬರ್ಗ್ ಕೋಟೆ ಶುರುವಾದದ್ದು 1077ರಲ್ಲಿ. ಪೋಪ್ ದೊಡ್ಡವರೋ ಚಕ್ರವರ್ತಿ ದೊಡ್ಡವನೋ ಅನ್ನುವ ಜಗಳ ಯುರೋಪಿನಲ್ಲಿ ಜೋರಾಗಿದ್ದ ಕಾಲ. ಪೋಪ್ ಪಕ್ಷ ಹಿಡಿದಿದ್ದ ಆರ್ಚ್‌ಬಿಷಪ್ ಗೆಬ್‌ಹಾರ್ಡ್‌ಗೆ ಚಕ್ರವರ್ತಿಯ ಭಯ ಇತ್ತು. ಅದಕ್ಕೆ ಕೋಟೆ ಕಟ್ಟಿಸಿದ. ಮುಂದಿನವರು ಅದನ್ನು ಬೆಳೆಸುತ್ತಾ ಹೋದರು. 1500ರ ಆಸುಪಾಸಿನಲ್ಲಿದ್ದ ಲಿಯೊನ್‌ಹಾರ್ಡ್ ಅನ್ನುವ ಆರ್ಚ್‌ಬಿಷಪ್‌ನ ಮನೆತನದ ಗುರುತು ಗೆಡ್ಡೆ, ನಮ್ಮ ಮೂಲಂಗಿಯ ಜಾತಿಯದು. ಕೋಟೆಯ ಗೋಡೆಗಳ ಮೇಲೆ ಎಲ್ಲಿ ನೋಡಿದರೂ ಕಲ್ಲಿನಲ್ಲಿ ಕೆತ್ತಿದ ಗೆಡ್ಡೆ, ಅದರ ಮೇಲೆ ಎಲೆ. ಸಿಂಹ, ಹದ್ದು ನೋಡಿ ಅಭ್ಯಾಸವಾದ ಕಣ್ಣಿಗೆ ಅದನ್ನು ನೋಡಿ ಖುಷಿಯಾಯಿತು.

ಇಲ್ಲಿ ಅಮ್ಮ ಹತ್ತಬೇಕಾಗಲಿಲ್ಲ. 1892ರಿಂದ ಗುಡ್ಡಕ್ಕೆ ಹಗ್ಗದ ರೈಲು ಇದೆ. ಕೂತರೆ ಸ್ವಲ್ಪ ಹೊತ್ತಿಗೇ ಮೇಲೆ. ಆದರೆ ಅದಕ್ಕಿಂತ ಹಳೆಯ ಇನ್ನೊಂದು ಹಳಿ ಕೋಟೆಯ ಹಿಂಬದಿಯಲ್ಲಿದೆ. ರೈಸ್‌ತ್ಸುಗ್ ಅಂತ ಹೆಸರು. ಸಾಮಾನು ಏರಿಸುವ ಗಾಡಿ. 1515ರ ಬರಹದಲ್ಲೇ ಅದರ ಮಾತು ಬರುತ್ತದೆ. ಆಗ ಮರದ ಹಳಿ, ಸೆಣಬಿನ ಹಗ್ಗ. ಎಳೆಯುವುದಕ್ಕೆ ಮನುಷ್ಯರು ಅಥವಾ ಪ್ರಾಣಿಗಳು. ಇವತ್ತು ಮೋಟಾರ್ ಇದೆ, ಉಕ್ಕಿನ ಹಗ್ಗ ಇದೆ. ದಾರಿ ಮಾತ್ರ ಅದೇ, ಕೆಲಸವೂ ಅದೇ. ನಿಪ್ಪಾಣಿ ಸರ್ ಅದರ ಮುಂದೆ ತುಂಬಾ ಹೊತ್ತು ನಿಂತರು. "ರಾಜರ ದಿವಾನಖಾನೆ ಎಲ್ಲರೂ ತೋರಿಸ್ತಾರೆ. ಅಕ್ಕಿ ಬೇಳೆ ಹೇಗೆ ಮೇಲೆ ಬರ್ತಿತ್ತು ಅಂತ ತೋರಿಸಿದ್ದು ಇದೇ ಮೊದಲು" ಅಂದರು.

ಅಂಗಳಕ್ಕೆ ಬಂದ ಕೂಡಲೇ ಅಮ್ಮ ನನ್ನ ಕೈ ಅದುಮಿದಳು. ನಾನು ಸ್ಥಳೀಯ ಗೈಡ್‌ ಹತ್ತಿರ ಅವಳ ಪ್ರಶ್ನೆಯನ್ನು ಕೇಳಿದೆ. ಆ ಹೆಂಗಸಿನ ಮುಖ ಅರಳಿತು. ನಮ್ಮನ್ನು ಅಂಗಳದ ಮಧ್ಯೆ ಇರುವ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದರು. 16ನೇ ಶತಮಾನದ್ದು. ಚಾವಣಿಗಳ ಮಳೆನೀರು ಹಿಡಿದು ಕೂಡಿಡುತ್ತಿದ್ದ ಜಾಗ. ಅಮ್ಮ ಅದರ ಅಂಚನ್ನು ಮುಟ್ಟಿ, ಸುತ್ತಲಿನ ಚಾವಣಿಗಳ ಇಳಿಜಾರನ್ನು ಒಂದೊಂದಾಗಿ ನೋಡಿದಳು. ನೀರು ಎಲ್ಲಿಂದ ಹರಿದು ಬರಬಹುದು ಅಂತ ಬೆರಳಲ್ಲಿ ಗೆರೆ ಎಳೆದು ತೋರಿಸಿದಳು. 1525ರಲ್ಲಿ ರೈತರು ದಂಗೆ ಎದ್ದು ಈ ಕೋಟೆಯನ್ನು ಮುತ್ತಿದ್ದರು. ಆರ್ಚ್‌ಬಿಷಪ್ ಒಳಗೆ ಕೂತಿದ್ದ. ತಿಂಗಳುಗಟ್ಟಲೆ ಕಾದರೂ ಕೋಟೆ ಅವರ ಕೈಗೆ ಸಿಗಲಿಲ್ಲ. ಗೋಡೆ ದಪ್ಪ ಇದ್ದದ್ದು ನಿಜ. ಆದರೆ ಒಳಗಿದ್ದವರಿಗೆ ಕುಡಿಯಲು ಏನಾದರೂ ಬೇಕಲ್ವಾ?

ಈ ಊರಿನ ಕಥೆಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ವುಲ್ಫ್ ಡೀಟ್ರಿಖ್‌ನದು. 1587ರಲ್ಲಿ ಆರ್ಚ್‌ಬಿಷಪ್ ಆದ. ಹಳೆಯ ಊರಿನ ಎಷ್ಟೋ ಮನೆಗಳನ್ನು ಕೆಡವಿ, ಇವತ್ತು ನಾವು ಫೋಟೋ ತೆಗೆಯುವ ಅಗಲವಾದ ಚೌಕಗಳಿಗೆ ಜಾಗ ಮಾಡಿದ. ವ್ಯಾಪಾರಿ ಮನೆತನದ ಸಲೋಮೆ ಆಲ್ಟ್ ಅನ್ನುವ ಹೆಣ್ಣನ್ನು ಪ್ರೀತಿಸಿದ. ಧರ್ಮಗುರುವಿಗೆ ಮದುವೆ ಇಲ್ಲ. ಆದರೂ ಇಬ್ಬರೂ ಜೊತೆಗೆ ಬಾಳಿದರು, 15 ಮಕ್ಕಳಾದವು. ಅವಳಿಗಾಗಿ ನದಿಯ ಆಚೆ ಒಂದು ಅರಮನೆ ಕಟ್ಟಿಸಿದ. ಅದನ್ನೇ ಈಗ ಮಿರಾಬೆಲ್ ಅನ್ನುತ್ತಾರೆ, ಅದರ ತೋಟದಲ್ಲಿ ಜನ ಸಂಜೆ ಕೂರುತ್ತಾರೆ. ಕೊನೆಗೆ ಅವನು ಬಿದ್ದದ್ದು ಉಪ್ಪಿನ ವಿಷಯಕ್ಕೆ. ಪಕ್ಕದ ಬವೇರಿಯಾದ ದೊರೆಯ ಜೊತೆ ಉಪ್ಪಿನ ವ್ಯಾಪಾರಕ್ಕೆ ಜಗಳವಾಗಿ, 1611ರಲ್ಲಿ ಸೋತು ಸಿಕ್ಕಿಬಿದ್ದ. ಮುಂದಿನ ಆರ್ಚ್‌ಬಿಷಪ್ ಅವನನ್ನು ಇದೇ ಕೋಟೆಯಲ್ಲಿ ಸೆರೆಯಿಟ್ಟ. 1617ರಲ್ಲಿ ಇಲ್ಲೇ ಸತ್ತ. ತಾನೇ ಆಳಿದ ಊರನ್ನು ಐದು ವರ್ಷ ಮೇಲಿಂದ ನೋಡುತ್ತಾ ಇದ್ದನಲ್ಲ, ನದಿಯಾಚೆಯ ಆ ತೋಟವೂ ಕಾಣಿಸುತ್ತಿತ್ತೇನೋ. ಅಮ್ಮ ಕೇಳಿದ್ದು ಸಲೋಮೆಯ ಬಗ್ಗೆ. "ಅವಳೇನಾದಳು?" ವೆಲ್ಸ್ ಅನ್ನುವ ಊರಿಗೆ ಹೋಗಿ ಉಳಿದ ಬಾಳನ್ನು ಕಳೆದಳಂತೆ ಅಂದೆ. "ಅಷ್ಟು ಮಕ್ಕಳನ್ನ ಕಟ್ಕೊಂಡು" ಅಂತ ಅಮ್ಮ ಸುಮ್ಮನಾದಳು.

ಮೊಝಾರ್ಟ್ ಹುಟ್ಟಿದ ಮನೆಯನ್ನೂ ನೋಡಿದೆವು. ಹಳದಿ ಬಣ್ಣದ್ದು, ಗೆಟ್ರೈಡೆಗಾಸೆ ಬೀದಿಯ 9ನೇ ನಂಬರ್. ಬೀದಿ ತುಂಬ ಜನ, ನಿಲ್ಲಲು ಜಾಗವಿರಲಿಲ್ಲ.

ಮರುದಿನ ದಕ್ಷಿಣಕ್ಕೆ ಹೋಹೆನ್‌ವೆರ್ಫೆನ್ ಕೋಟೆಗೆ ಹೊರಟಾಗ ಬಸ್ಸಿನಲ್ಲಿ ಒಂದು ಶಬ್ದ ನಮ್ಮ ಕಿವಿಗೆ ಬಿತ್ತು. ಹೆದ್ದಾರಿಯ ಮೇಲೆ ಅಡ್ಡಲಾಗಿ ಕಬ್ಬಿಣದ ಕಮಾನು ಬಂದಾಗಲೆಲ್ಲ ಡ್ರೈವರ್ ಮುಂದಿನ ಗಾಜಿಗೆ ಅಂಟಿಸಿದ ಪುಟ್ಟ ಡಬ್ಬಿ 'ಬೀಪ್' ಅನ್ನುತ್ತಿತ್ತು. ನಿಪ್ಪಾಣಿ ಸರ್ ಎದ್ದು ಹೋಗಿ ಕೇಳಿಕೊಂಡು ಬಂದರು. ಗೋ-ಬಾಕ್ಸ್ ಅಂತೆ. ಆಸ್ಟ್ರಿಯಾದಲ್ಲಿ ಮೂರೂವರೆ ಟನ್ನಿಗಿಂತ ಭಾರದ ವಾಹನಗಳೆಲ್ಲ ಹೆದ್ದಾರಿಯಲ್ಲಿ ಓಡಿದಷ್ಟು ದೂರಕ್ಕೆ ಸುಂಕ ಕೊಡಬೇಕು. ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ, ಆದರೆ ಗೇಟೇ ಇಲ್ಲ, ನಿಲ್ಲುವುದೇ ಬೇಡ. ಅವರು ಬೆರಳು ಮಡಚಿ ಬೀಪ್‌ಗಳನ್ನು ಎಣಿಸತೊಡಗಿದರು. ಅಷ್ಟರಲ್ಲಿ ಕಣಿವೆ ಕಿರಿದಾಯಿತು. ಎರಡೂ ಕಡೆ ಬಂಡೆ, ಮಧ್ಯೆ ನದಿ, ರಸ್ತೆ, ರೈಲು ಒಂದಕ್ಕೊಂದು ಅಂಟಿಕೊಂಡು ಹೋಗುತ್ತಿದ್ದವು. ಮುಂದೆ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಕೋಟೆ. ಅದೂ 1077ರದ್ದು, ಅದೇ ಗೆಬ್‌ಹಾರ್ಡ್ ಕಟ್ಟಿಸಿದ್ದು. "ನೋಡಿ" ಅಂದರು ನಿಪ್ಪಾಣಿ ಸರ್, "ನಾನಾಗಿದ್ರೂ ಚೆಕ್‌ಪೋಸ್ಟ್ ಇಲ್ಲೇ ಹಾಕ್ತಿದ್ದೆ."

ಆ ಮಾತಿನಿಂದ ನಾನು ಕಿಟಕಿಯ ಹೊರಗೆ ನೋಡುವ ರೀತಿಯೇ ಬದಲಾಯಿತು. ಗುಂಪಿನ ಪ್ರವಾಸದಲ್ಲಿ ಬಸ್ಸಿನ ಹೊತ್ತನ್ನು ನಿದ್ದೆಗೆ ಅಂತ ಬಿಡುತ್ತಾರೆ. ಮುಂಜಾನೆ ಏಳಿಸಿ, ತಿಂಡಿ ತಿನ್ನಿಸಿ, ಎರಡು ಗಂಟೆ ಓಡಿಸಿ, ಕೋಟೆಯ ಮುಂದೆ ಇಳಿಸುತ್ತಾರೆ. 45 ನಿಮಿಷ ಕೊಡುತ್ತಾರೆ. ಆ 45 ನಿಮಿಷದಲ್ಲಿ ಕಾಣುವುದು ಕುರ್ಚಿ, ಮಂಚ, ಕತ್ತಿ. ಕೋಟೆ ಯಾಕೆ ಅಲ್ಲೇ ಇದೆ ಅನ್ನುವುದಕ್ಕೆ ಉತ್ತರ ಇರುವುದು ಆ ಎರಡು ಗಂಟೆಯ ದಾರಿಯಲ್ಲಿ. ಕಣಿವೆ ಎಲ್ಲಿ ಕಿರಿದಾಗುತ್ತದೆ, ನದಿ ಎಲ್ಲಿ ತಿರುಗುತ್ತದೆ, ಘಾಟಿ ಎಲ್ಲಿ ಶುರುವಾಗುತ್ತದೆ, ಅಲ್ಲಿ ಒಂದು ಗೋಪುರ ಇದ್ದೇ ಇರುತ್ತದೆ. ನಾನು ನಿದ್ದೆ ಬಿಟ್ಟೆ.

ಇನ್ಸ್‌ಬ್ರುಕ್‌ಗೆ ಹೋಗುವ ದಾರಿಯಲ್ಲಿ ಇನ್ ನದಿಯ ದಡದ ಕುಫ್‌ಸ್ಟೈನ್ ಕೋಟೆ ಬಸ್ಸಿನಿಂದಲೇ ಕಂಡಿತು. 1504ರಲ್ಲಿ ಮ್ಯಾಕ್ಸಿಮಿಲಿಯನ್ ದೊರೆ ಅದನ್ನು ಮುತ್ತಿದ. ಮೊದಲು ಬಂದ ಫಿರಂಗಿ ಗುಂಡುಗಳಿಂದ ಗೋಡೆಗೆ ಏನೂ ಆಗಲಿಲ್ಲ. ಒಳಗಿನವರು ಗೋಡೆಯ ಮೇಲೆ ಬಂದು ಗುಂಡು ತಾಗಿದ ಜಾಗವನ್ನು ಪೊರಕೆಯಿಂದ ಗುಡಿಸಿದರು ಅಂತ ಅಲ್ಲಿ ಹೇಳುತ್ತಾರೆ. ದೊರೆ ಇನ್ನೂ ದೊಡ್ಡ ಫಿರಂಗಿಗಳನ್ನು ತರಿಸಿದ. ಗೋಡೆ ಒಡೆಯಿತು. ಕೋಟೆಯ ನಾಯಕನ ತಲೆ ತೆಗೆಸಿದ. ಪೊರಕೆಯಿಂದ ತಲೆಯವರೆಗಿನ ಆ ಕೆಲವು ದಿನಗಳಲ್ಲಿ ಒಂದು ಕಾಲವೇ ಮುಗಿದು ಹೋಯಿತು ಅನ್ನಿಸಿತು ನನಗೆ.

ಇನ್ಸ್‌ಬ್ರುಕ್‌ನಲ್ಲಿ ಅದೇ ಮ್ಯಾಕ್ಸಿಮಿಲಿಯನ್‌ನ ಚಿನ್ನದ ಚಾವಣಿ ಇದೆ. 2,657 ತಾಮ್ರದ ಹಂಚುಗಳಿಗೆ ಚಿನ್ನದ ಲೇಪ. ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು. ಅದು ಚಿಕ್ಕದು, ಒಂದು ಬಾಲ್ಕನಿಯ ಮೇಲಿನ ಚಾವಣಿ ಅಷ್ಟೇ. ಆದರೆ ಸ್ವಲ್ಪ ದೂರದ ಹೋಫ್‌ಕಿರ್ಖ ಚರ್ಚ್‌ನ ಒಳಗೆ ಕಾಲಿಟ್ಟಾಗ ಮಾತು ನಿಂತಿತು. ಸಮಾಧಿಯ ಎರಡೂ ಕಡೆ ಸಾಲಾಗಿ 28 ಕಂಚಿನ ಮೂರ್ತಿಗಳು, ಮನುಷ್ಯರಿಗಿಂತ ದೊಡ್ಡವು, ಕಪ್ಪಾಗಿ ಹೊಳೆಯುತ್ತಾ ನಿಂತಿವೆ. ಮ್ಯಾಕ್ಸಿಮಿಲಿಯನ್‌ನ ಹಿರಿಯರು, ಬಂಧುಗಳು, ಅವನು ತನ್ನ ವಂಶ ಅಂದುಕೊಂಡ ಹಳೆಯ ವೀರರು. ಮಧ್ಯದ ಅಮೃತಶಿಲೆಯ ಸಮಾಧಿ ಮಾತ್ರ ಖಾಲಿ. ಅವನು 1519ರಲ್ಲಿ ಸತ್ತಾಗ ಈ ಚರ್ಚೇ ಇರಲಿಲ್ಲ. ಅವನನ್ನು ದೂರದ ವೀನರ್ ನಾಯ್‌ಸ್ಟಾಟ್‌ನಲ್ಲಿ ಹೂಳಿದರು. ಮೊಮ್ಮಗ ಫರ್ಡಿನಾಂಡ್ ಅಜ್ಜನಿಗಾಗಿ ಈ ಚರ್ಚ್ ಕಟ್ಟಿಸಿದ. "ಇಷ್ಟು ಜನ ಕಾಯ್ತಾ ನಿಂತಿದಾರೆ, ಅವನು ಬರಲೇ ಇಲ್ವಲ್ಲ" ಅಂದಳು ಅಮ್ಮ. ಅಲ್ಲಿನ ಬೆಂಚಿನ ಮೇಲೆ ಕೂತು ಅವಳು ಒಂದೊಂದು ಮುಖವನ್ನೂ ನೋಡಿದಳು. ಹೆಂಗಸರ ಮೂರ್ತಿಗಳ ಸೆರಗು, ಜಡೆ, ಒಡವೆ ಎಲ್ಲ ಕಂಚಿನಲ್ಲಿ ಎಷ್ಟು ನವಿರಾಗಿ ಬಂದಿವೆ ಅಂದರೆ, ಮುಟ್ಟಿದರೆ ಬಟ್ಟೆ ಅಲುಗೀತು ಅನ್ನಿಸುತ್ತದೆ.

ನಂತರದ ದಿನ ಎಲ್ಲರೂ ಕಾಯುತ್ತಿದ್ದ ದಿನ. ನಾಯ್‌ಶ್ವಾನ್‌ಸ್ಟೈನ್. ಬವೇರಿಯಾದ ದೊರೆ ಎರಡನೇ ಲುಡ್ವಿಗ್ ಕಟ್ಟಿಸಿದ ಬಿಳಿ ಅರಮನೆ. ನಮ್ಮ ಗುಂಪಿನಲ್ಲಿ ಹಾಸನದ ಒಬ್ಬ ಆಂಟಿ ಇದ್ದರು. ಅವರು ಚಿಕ್ಕವರಿದ್ದಾಗ ಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರ್‌ನಲ್ಲಿ ಈ ಅರಮನೆಯ ಚಿತ್ರ ಇತ್ತಂತೆ. ವರ್ಷ ಮುಗಿದ ಮೇಲೂ ಆ ಹಾಳೆಯನ್ನು ಕಿತ್ತು ಪುಸ್ತಕಕ್ಕೆ ಬೈಂಡ್ ಹಾಕಿಕೊಂಡಿದ್ದರಂತೆ. ಈ ಪ್ರವಾಸಕ್ಕೆ ಅವರು ಬಂದದ್ದೇ ಅದಕ್ಕೆ.

ಅಲ್ಲಿ ಟಿಕೆಟ್ಟಿನ ಮೇಲೆ ಒಳಗೆ ಹೋಗುವ ಸಮಯ ಅಚ್ಚಾಗಿರುತ್ತದೆ. ಆ ಸಮಯ ತಪ್ಪಿದರೆ ಬಿಡುವುದಿಲ್ಲ. ಅವತ್ತು ನಮ್ಮ ಬಸ್ ಹೋಟೆಲಿನಿಂದ ಹೊರಡುವುದೇ ತಡವಾಯಿತು. ಫೆರ್ನ್ ಘಾಟಿಯಲ್ಲಿ ವಾಹನಗಳ ಸಾಲು ಕದಲಲಿಲ್ಲ. ತಲುಪಿದಾಗ ನಮ್ಮ ಸಮಯ ಮುಗಿದು 20 ನಿಮಿಷವಾಗಿತ್ತು. ಆ ದಿನದ ಉಳಿದ ಟಿಕೆಟ್‌ಗಳೆಲ್ಲ ಮಾರಾಟವಾಗಿದ್ದವು. ಟೂರ್ ಮ್ಯಾನೇಜರ್ ಹುಡುಗ ಕೈ ಮುಗಿದು ಕ್ಷಮೆ ಕೇಳಿದ. ಕೆಲವರು ಕೂಗಾಡಿದರು. ನನಗೂ ಸಿಟ್ಟು ಬಂದಿತ್ತು. ಬೆಳಗ್ಗೆ ಅರ್ಧ ಗಂಟೆ ಮುಂಚೆ ಹೊರಡಬಹುದಿತ್ತು. ಇಷ್ಟು ದೂರ ಕರೆದುಕೊಂಡು ಬರುವವರಿಗೆ ಅಷ್ಟು ಲೆಕ್ಕಾಚಾರ ಇರಬೇಕು. ಆಂಟಿ ಮಾತ್ರ ಏನೂ ಹೇಳಲಿಲ್ಲ. ಮರಿಯೆನ್‌ಬ್ರೂಕ ಅನ್ನುವ ಸೇತುವೆಯಿಂದ ಅರಮನೆ ಪೂರ್ತಿ ಕಾಣುತ್ತದೆ. ಅಲ್ಲಿಗೆ ನಾವು ಕೆಲವರು ಹೋದೆವು. ಕೆಳಗೆ ಆಳವಾದ ಕಮರಿ, ಜಲಪಾತ. ಎದುರಿಗೆ ಕ್ಯಾಲೆಂಡರ್‌ನ ಚಿತ್ರ ನಿಜವಾಗಿ ನಿಂತಿತ್ತು. ಆಂಟಿ ಕಂಬಿ ಹಿಡಿದು ನಿಂತು ಅತ್ತರು. ಒಳಗೆ ಹೋಗಿದ್ದರೆ ಆ ನೋಟ ಅವರಿಗೆ ಇನ್ನೂ ಜಾಸ್ತಿ ಸಿಗುತ್ತಿತ್ತು ಅಂತ ನನಗೆ ಅನ್ನಿಸಲಿಲ್ಲ.

ಅಮ್ಮ ಕೆಳಗೆ ಆಲ್ಪ್‌ಸೀ ಕೆರೆಯ ದಡದಲ್ಲಿ ಕೂತಿದ್ದಳು. ಪಕ್ಕದಲ್ಲಿ ನಿಪ್ಪಾಣಿ ಸರ್. ಇಬ್ಬರ ಮಧ್ಯೆ ಊರಿಂದ ತಂದ ಖಾರ ಮಂಡಕ್ಕಿಯ ಪೊಟ್ಟಣ. ನಾನು ಹೋಗಿ ಕೂತು ಅವರಿಗೆ ಲುಡ್ವಿಗ್ ಕಥೆ ಹೇಳಿದೆ. 1869ರಲ್ಲಿ ಅಡಿಗಲ್ಲು ಹಾಕಿದ. ಅಷ್ಟರಲ್ಲಿ ಕೋಟೆಗಳ ಕಾಲ ಮುಗಿದು ಎಷ್ಟೋ ಕಾಲವಾಗಿತ್ತು. ಅರಮನೆಯ ಚಿತ್ರ ಬರೆದವನು ನಾಟಕದ ರಂಗಸಜ್ಜಿಕೆ ಮಾಡುವ ಕಲಾವಿದ. ಸಿಂಹಾಸನದ ಕೋಣೆ ಇದೆ, ಸಿಂಹಾಸನ ಬರಲೇ ಇಲ್ಲ. ದೊರೆ ಅಲ್ಲಿ ಕಳೆದದ್ದು ಎಲ್ಲ ಸೇರಿ 172 ದಿನ. 1886ರ ಜೂನ್ 13ರಂದು ಸ್ಟಾರ್ನ್‌ಬರ್ಗ್ ಕೆರೆಯಲ್ಲಿ ಅವನ ಹೆಣ ಸಿಕ್ಕಿತು. ವಯಸ್ಸು 40. ಏಳು ವಾರಗಳ ಒಳಗೆ ಅರಮನೆಯನ್ನು ಟಿಕೆಟ್ ಇಟ್ಟು ಜನರಿಗೆ ತೆರೆದರು. ಯಾರೂ ತನ್ನನ್ನು ನೋಡಬಾರದು ಅಂತ ಬೆಟ್ಟದ ಮೇಲೆ ಹೋಗಿ ಕೂತವನ ಮನೆಗೆ ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. 2025ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು.

"ನೀರು?" ಅಂದಳು ಅಮ್ಮ. ಅರಮನೆಗಿಂತ 200 ಮೀಟರ್ ಮೇಲಿನ ಒಂದು ಒರತೆಯಿಂದ ಕೊಳವೆ ಹಾಕಿದ್ದರು, ಆ ಕಾಲಕ್ಕೇ ಎಲ್ಲ ಮಹಡಿಗೂ ನಲ್ಲಿ ನೀರು ಬರುತ್ತಿತ್ತು ಅಂತ ಓದಿ ಹೇಳಿದೆ. ಅಮ್ಮ ತಲೆದೂಗಿದಳು. ನಿಪ್ಪಾಣಿ ಸರ್ ಕೆರೆಯನ್ನೇ ನೋಡುತ್ತಿದ್ದರು. "ಈ ಕೋಟೆ ಯಾವ ದಾರೀನೂ ಕಾಯ್ತಿರಲಿಲ್ಲ, ಅಲ್ವಾ?" ಅಂದರು. "ಪಾಪ, ಒಬ್ಬನೇ ಇದ್ದ ಅನ್ಸತ್ತೆ."

ಸ್ವಿಟ್ಜರ್ಲೆಂಡಿನ ಖೂರ್ ಊರಿನಲ್ಲಿ ಒಂದು ರಾತ್ರಿ ಕಳೆದು, ಸಾನ್ ಬೆರ್ನಾರ್ದಿನೊ ಸುರಂಗ ದಾಟಿದೆವು. ಸುರಂಗದ ಈ ಕಡೆ ಬೋರ್ಡುಗಳು ಜರ್ಮನ್‌ನಲ್ಲಿ, ಆ ಕಡೆ ಇಟಾಲಿಯನ್‌ನಲ್ಲಿ. ದೇಶ ಅದೇ ಸ್ವಿಟ್ಜರ್ಲೆಂಡ್. ಇಳಿಜಾರಿನಲ್ಲಿ ಮನೆಗಳ ಕಲ್ಲು ಬದಲಾಯಿತು, ಗಾಳಿ ಬೆಚ್ಚಗಾಯಿತು, ದ್ರಾಕ್ಷಿ ಬಳ್ಳಿ ಕಾಣಿಸತೊಡಗಿತು. ಬೆಟ್ಟಗಳು ಹತ್ತಿರ ಬರುವ ಜಾಗದಲ್ಲಿ ಬೆಲಿನ್ಜೋನಾ.

ಈ ಊರಿನ ಹೆಸರನ್ನು ನಾನು ಮೊದಲು ಕೇಳಿರಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಮೂರು ಕೋಟೆಗಳಿವೆ. ಊರ ಮಧ್ಯದ ಬಂಡೆಯ ಮೇಲೆ ಕಾಸ್ಟೆಲ್‌ಗ್ರಾಂಡೆ, ಪಕ್ಕದ ಇಳಿಜಾರಿನಲ್ಲಿ ಮೊಂಟೆಬೆಲ್ಲೊ, ಎಲ್ಲಕ್ಕಿಂತ ಮೇಲೆ ಸಾಸ್ಸೊ ಕೊರ್ಬಾರೊ. ಕಾಸ್ಟೆಲ್‌ಗ್ರಾಂಡೆಯಿಂದ ಕಣಿವೆಗೆ ಅಡ್ಡಲಾಗಿ ಟಿಚಿನೊ ನದಿಯವರೆಗೆ ಮುರಾಟಾ ಅನ್ನುವ ಉದ್ದನೆಯ ಗೋಡೆ. ಗೊಟ್ಟಾರ್ಡ್, ಲುಕ್‌ಮಾನಿಯರ್, ಸಾನ್ ಬೆರ್ನಾರ್ದಿನೊ ಘಾಟಿಗಳಿಂದ ಇಳಿದ ದಾರಿಗಳೆಲ್ಲ ಈ ಒಂದು ಬಾಗಿಲಿನಲ್ಲಿ ಹಾಯಬೇಕು. ಮಿಲಾನಿನ ದೊರೆಗಳು ಉತ್ತರದಿಂದ ಬರುವ ಸ್ವಿಸ್ ದಂಡನ್ನು ತಡೆಯಲು ಇದನ್ನೆಲ್ಲ ಬಲಪಡಿಸಿದರು. 1478ರ ಕೊನೆಯಲ್ಲಿ ಜೊರ್ನಿಕೊ ಅನ್ನುವಲ್ಲಿ ಸೋತ ಮೇಲೆ, ಮರುವರ್ಷ ಆರೇ ತಿಂಗಳಲ್ಲಿ ಸಾಸ್ಸೊ ಕೊರ್ಬಾರೊ ಎಬ್ಬಿಸಿದರು. ಕೊನೆಗೆ ಊರು ಸ್ವಿಸ್ಸರ ಪಾಲಾಯಿತು. ಊರಿ, ಶ್ವಿತ್ಸ್, ಉಂಟರ್‌ವಾಲ್ಡೆನ್ ಮೂರು ಪ್ರಾಂತಗಳವರು ಒಂದೊಂದು ಕೋಟೆ ಹಂಚಿಕೊಂಡರು.

ಕಾಸ್ಟೆಲ್‌ಗ್ರಾಂಡೆಗೆ ಹತ್ತುವ ದಾರಿ ನೋಡಿ ನಾನು ಅಮ್ಮನಿಗೆ ಬೆಂಚು ಹುಡುಕುತ್ತಿದ್ದೆ. ಆಗ ಗೈಡ್ ಬಂಡೆಯ ಕಡೆ ಕೈ ತೋರಿಸಿದರು. ಬಂಡೆಯಲ್ಲಿ ಎತ್ತರವಾದ ಒಂದು ಸೀಳು, ಒಳಗೆ ನುಣುಪಾದ ಕಾಂಕ್ರೀಟ್ ಗೋಡೆ, ಕೊನೆಯಲ್ಲಿ ಲಿಫ್ಟ್. ಔರೆಲಿಯೊ ಗಾಲ್ಫೆಟ್ಟಿ ಅನ್ನುವ ವಾಸ್ತುಶಿಲ್ಪಿ 1980ರ ದಶಕದಲ್ಲಿ ಈ ಕೋಟೆಯನ್ನು ಸರಿಪಡಿಸುವಾಗ ಮಾಡಿದ್ದು. ಹಳೆಯ ಕಲ್ಲಿಗೆ ಹೊಸದನ್ನು ಹಳೆಯದರಂತೆ ಬಣ್ಣ ಬಳಿದು ಸೇರಿಸಿಲ್ಲ. ಹೊಸದು ಹೊಸದಾಗಿಯೇ ಕಾಣುತ್ತದೆ. ಬಂಡೆಯ ಹೊಟ್ಟೆಯೊಳಗಿಂದ ಮೇಲೆ ಬಂದು ಬಾಗಿಲು ತೆರೆದಾಗ ನಾವು ಕೋಟೆಯ ಹುಲ್ಲಿನ ಅಂಗಳದಲ್ಲಿದ್ದೆವು. ಬಿಳಿ ಗೋಪುರ, ಕಪ್ಪು ಗೋಪುರ, ಸುತ್ತ ಬೆಟ್ಟ. ಅಮ್ಮ ಸೆರಗು ಸರಿ ಮಾಡಿಕೊಂಡು ಸುಮ್ಮನೆ ನಿಂತಳು. "ಮೇಲೆ ಬಂದ್ವಾ?" ಅಂದಳು. ಬಂದ್ವಿ ಅಂದೆ. ಅವಳ ಕಣ್ಣು ತುಂಬಿತ್ತು. ನಮ್ಮ ಕೋಟೆಗಳಲ್ಲೂ ವಯಸ್ಸಾದವರು ಮೇಲೆ ಹೋಗುವ ಹಾಗಾಗಲಿ ಅಂತ ನಾನು ಆ ಹೊತ್ತಿನಲ್ಲಿ ಮನಸಾರೆ ಬಯಸಿದೆ. ಕೋಟೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ ಅಲ್ವಾ?

ನಿಪ್ಪಾಣಿ ಸರ್ ಮುರಾಟಾ ಗೋಡೆಯ ಮೇಲೆ ಕೊನೆಯವರೆಗೆ ನಡೆದು ಹೋದರು. ಎತ್ತರದಿಂದ ಅವರ ಟೋಪಿ ಚಿಕ್ಕದಾಗುತ್ತಾ ಹೋದದ್ದನ್ನು ನೋಡುತ್ತಿದ್ದೆವು. ಹಿಂದಿರುಗಿ ಬಂದಾಗ ಅವರ ಮುಖದಲ್ಲಿ ಏನೋ ಸಂತೋಷ. "ಉಪ್ಪು, ದನ, ಬಟ್ಟೆ, ಕಾಳು, ಎಲ್ಲ ಇಲ್ಲೇ ನಿಲ್ಬೇಕು, ಲೆಕ್ಕ ಬರೆಸ್ಬೇಕು. ಚಳಿ ಮಳೆ ಅಂತ ಇಲ್ಲ. ಒಬ್ಬ ಗುಮಾಸ್ತ ಇದ್ದೇ ಇದ್ದ ಇಲ್ಲಿ. ಅವನ ಹೆಸರು ಯಾವ ಬೋರ್ಡಲ್ಲೂ ಇಲ್ಲ" ಅಂದರು.

ಗೋಡೆ ನದಿಯ ಹತ್ತಿರ ತುಂಡಾಗಿರುವುದನ್ನು ಅಮ್ಮ ಗಮನಿಸಿದ್ದಳು. ಯಾಕೆ ಅಂತ ಕೇಳಿಸಿದಳು. ಗೈಡ್ ಹೇಳಿದ ಕಥೆ ಹೀಗೆ. 1513ರಲ್ಲಿ ಮೇಲಿನ ಬಿಯಾಸ್ಕಾ ಊರಿನ ಬಳಿ ಬೆಟ್ಟ ಕುಸಿದು ಉಪನದಿಯೊಂದಕ್ಕೆ ಅಡ್ಡ ಬಿತ್ತು. ಹಿಂದೆ ನೀರು ನಿಂತು ಕೆರೆಯಾಯಿತು. ಸುಮಾರು ಒಂದೂಮುಕ್ಕಾಲು ವರ್ಷ ಹಾಗೇ ಇತ್ತು. 1515ರ ಮೇ ತಿಂಗಳಲ್ಲಿ ಆ ಮಣ್ಣಿನ ಕಟ್ಟೆ ಒಡೆಯಿತು. ನೀರು ಕಣಿವೆ ತುಂಬ ನುಗ್ಗಿ ಬಂದು ಬೆಲಿನ್ಜೋನಾದ ಸೇತುವೆಯನ್ನೂ ಮುರಾಟಾ ಗೋಡೆಯ ಒಂದು ಭಾಗವನ್ನೂ ಹೊತ್ತುಕೊಂಡು ಹೋಯಿತು. ಸೈನ್ಯಗಳನ್ನು ತಡೆಯಲು ಕಟ್ಟಿದ ಗೋಡೆ.

"ಎಷ್ಟು ಜನ ಹೋದ್ರಂತೆ?" ಅಂದಳು ಅಮ್ಮ. ಬಹಳ ಜನ ಅಂದರು ಗೈಡ್. ಅಮ್ಮ ನದಿಯನ್ನು ನೋಡಿದಳು. ಅವತ್ತು ಅದು ತಿಳಿಯಾಗಿ, ತೆಳ್ಳಗೆ ಹರಿಯುತ್ತಿತ್ತು.

ಮುಂದೆ ಸಿಂಪ್ಲೊನ್ ಘಾಟಿ. 2,005 ಮೀಟರ್ ಎತ್ತರ. ನೆಪೋಲಿಯನ್ ತನ್ನ ಫಿರಂಗಿಗಳು ದಾಟಲಿ ಅಂತ 1805ರ ಹೊತ್ತಿಗೆ ಇಲ್ಲಿ ರಸ್ತೆ ಮಾಡಿಸಿದ. ಅದಕ್ಕೂ 150 ವರ್ಷ ಮುಂಚೆ ಈ ಘಾಟಿಯ ವ್ಯಾಪಾರ ಹೆಚ್ಚುಕಡಿಮೆ ಒಬ್ಬನ ಕೈಯಲ್ಲಿತ್ತು. ಕಾಸ್ಪರ್ ಸ್ಟಾಕಾಲ್ಪರ್ ಅವನ ಹೆಸರು. ಉಪ್ಪು ಮಾರುವ ಹಕ್ಕೂ ಅವನದೇ. ಘಾಟಿಯ ಕೆಳಗಿನ ಬ್ರಿಗ್ ಊರಿನಲ್ಲಿ ಅವನ ಅರಮನೆ ಇದೆ. ಈರುಳ್ಳಿ ಆಕಾರದ ತುದಿಯ ಮೂರು ಗೋಪುರಗಳು. ಬಾಲ ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಹೆಸರನ್ನೇ ಅವಕ್ಕೆ ಇಟ್ಟಿದ್ದ. ಅವರಲ್ಲಿ ಒಬ್ಬನ ಹೆಸರು ಕಾಸ್ಪರ್. ಅಂಗಳದ ಕಮಾನುಗಳ ನೆರಳಿನಲ್ಲಿ ನಾವು ಮೊಸರನ್ನ ಬಿಚ್ಚಿದೆವು. ಬೀದಿಯ ಕಲ್ಲಿನ ತೊಟ್ಟಿಗೆ ನಲ್ಲಿಯಿಂದ ಸದಾ ನೀರು ಬೀಳುತ್ತಿತ್ತು. ಕುಡಿಯಬಹುದು ಅಂದರು. ಅಮ್ಮ ಬಾಟಲಿ ತುಂಬಿಸಿಕೊಂಡು, ಒಂದು ಗುಟುಕು ಕುಡಿದು, "ಸಿಹಿನೀರು" ಅಂದಳು. ದುರ್ಗದಲ್ಲಿ ಆ ಹೆಸರಿನದೇ ಒಂದು ಹೊಂಡ ಇದೆ.

ರೋನ್ ಕಣಿವೆಯಲ್ಲಿ ಇಳಿದು ಹೋಗುವಾಗ ಸಿಯೋನ್ ಊರಿನ ಎರಡು ಗುಡ್ಡ, ಗುಡ್ಡಕ್ಕೊಂದು ಕೋಟೆ ಕಂಡವು. ನಿಲ್ಲಲಿಲ್ಲ.

ಕೊನೆಯ ಕೋಟೆ ಜಿನೀವಾ ಸರೋವರದ ದಡದ ಶಿಯೋನ್. ನೀರಿನಿಂದ ಎದ್ದ ಬಂಡೆಯ ಮೇಲೆ ಕಟ್ಟಿದ್ದು. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಆಳದ ಸರೋವರ, ಮಧ್ಯೆ ಸಣ್ಣ ದಾರಿ. ಇಟಲಿಗೆ ಹೋಗುವ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿಯ ದಾರಿ ಅದು. ಸವೊಯ್ ಮನೆತನದವರು ಇಲ್ಲಿ ಕೂತು ಸುಂಕ ಎತ್ತುತ್ತಿದ್ದರು. ದಾರಿಯ ಕಡೆಗೆ ದಪ್ಪ ಗೋಡೆ, ಬಾಣದ ಕಿಂಡಿ. ಸರೋವರದ ಕಡೆಗೆ ದೊಡ್ಡ ದೊಡ್ಡ ಕಿಟಕಿ. ಒಂದೇ ಮನೆಗೆ ಎರಡು ಮುಖ. "ಆಫೀಸ್ ಈ ಕಡೆ, ಕ್ವಾರ್ಟರ್ಸ್ ಆ ಕಡೆ" ಅಂದರು ನಿಪ್ಪಾಣಿ ಸರ್.

ನೆಲಮಾಳಿಗೆಯಲ್ಲಿ ಫ್ರಾಂಸ್ವಾ ಬೊನಿವಾರ್ ಅನ್ನುವ ಧರ್ಮಗುರುವನ್ನು ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದರು. ಜಿನೀವಾ ಸವೊಯ್ ದೊರೆಯ ಕೈಕೆಳಗೆ ಇರಬಾರದು ಅಂತ ಹೇಳಿದ್ದು ಅವನ ತಪ್ಪು. 1530ರಿಂದ ಸೆರೆಯಲ್ಲಿದ್ದ. 1536ರಲ್ಲಿ ಬೆರ್ನ್‌ನವರು ಕೋಟೆ ಗೆದ್ದು ಬಿಡಿಸಿದರು. ಮೆಟ್ಟಿಲು ಇದೆ, ಇಲ್ಲೇ ಕೂತಿರು ಅಂದೆ ಅಮ್ಮನಿಗೆ. ಅವಳು ಕೇಳಲಿಲ್ಲ. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಗೋಡೆಯ ಮೇಲೆ ಇಟ್ಟು, ಒಂದೊಂದೇ ಮೆಟ್ಟಿಲು ಇಳಿದು ಬಂದಳು.

ಕೆಳಗೆ ಕಂಬಗಳ ಸಾಲು, ಮೇಲೆ ಕಮಾನಿನ ಚಾವಣಿ. ಸರೋವರದ ಕಡೆ ಎತ್ತರದಲ್ಲಿ ಕಿರಿದಾದ ಕಿಂಡಿಗಳು. ಮಧ್ಯಾಹ್ನದ ಬಿಸಿಲು ಹೊರಗಿನ ನೀರಿಗೆ ಬಿದ್ದು, ಅಲ್ಲಿಂದ ಎದ್ದು, ಕಿಂಡಿಯೊಳಗೆ ಬಂದು ಕಲ್ಲಿನ ಚಾವಣಿಯ ಮೇಲೆ ಅಲುಗಾಡುತ್ತಿತ್ತು. ಅಮ್ಮ ನೀರೆಲ್ಲಿ ಅಂತ ಕೇಳಲಿಲ್ಲ. ತಲೆ ಎತ್ತಿ ಆ ಬೆಳಕನ್ನೇ ನೋಡುತ್ತಾ ನಿಂತಳು.

"ಅಕ್ಕತಂಗಿ ಹೊಂಡದ ಕಲ್ಲಿನ ಮೇಲೂ ಹೀಗೇ ಆಡ್ತಿತ್ತು, ಮೂರು ಗಂಟೆ ಹೊತ್ತಿಗೆ" ಅಂದಳು. "ನಾವು ಕೈ ಅಡ್ಡ ಇಟ್ಟು ಹಿಡಿಯೋಕೆ ಹೋಗ್ತಿದ್ವಿ."

ಮೇಲಿನಿಂದ ಟೂರ್ ಮ್ಯಾನೇಜರ್ ಹುಡುಗ ಹೆಸರು ಹಿಡಿದು ಕೂಗುತ್ತಿದ್ದ. ಬಸ್ ಹೊರಡುವ ಹೊತ್ತಾಗಿತ್ತು. ನಿಪ್ಪಾಣಿ ಸರ್ ಮೆಟ್ಟಿಲ ಹತ್ತಿರ ಹೋಗಿ, "ಐದು ನಿಮಿಷ ಇರಪ್ಪ, ಅಮ್ಮ ನೋಡ್ತಿದಾರೆ" ಅಂದರು.